ಸಿಪಿಯು ಒಳಗೆ ಮೈಕ್ ಸೆಟ್

ಕ್ಯಾತ್ಸಂದ್ರದಲ್ಲಿ ಭಾನುವಾರ ಬೆಳಗ್ಗೆ ತಟ್ಟೆ ಇಡ್ಲಿಗೆ ಕಾಯುವಾಗ ಮನುಷ್ಯನಿಗೆ ಏನೇನೋ ಯೋಚನೆ ಬರುತ್ತದೆ. ಸೀನನಿಗೆ ಆವತ್ತು ಬಂದದ್ದು ಇದು.

"ಸರೌಂಡ್ ಆಂಪ್ಲಿಫೈಯರನ್ನು ಕಂಪ್ಯೂಟರ್ ಒಳಗೇ ಕೂರಿಸಿಬಿಡೋಣ ಅಂತಿದ್ದೀನಿ. 5.1, ಅಂದರೆ ಸುತ್ತ ಐದು ಸ್ಪೀಕರ್, ದಪ್ಪ ಸದ್ದಿಗೆ ಒಂದು ಸಬ್ ವೂಫರ್, ಒಟ್ಟು ಆರು ಚಾನೆಲ್."

ನೀರು ಕುಡಿಯುತ್ತಿದ್ದ ಮಂಜ ಲೋಟ ಕೆಳಗಿಟ್ಟ. ಬಟವಾಡಿ ಕಡೆ ಅವನದು ಮೈಕ್ ಸೆಟ್ ಅಂಗಡಿ. "ಯಾಕೋ, ಹೊರಗೆ ಜಾಗ ಇಲ್ವಾ?"

"ಜಾಗ ಇದೆ. ಅಮ್ಮನೂ ಇದ್ದಾಳಲ್ಲ. ಇನ್ನೊಂದು ಡಬ್ಬ ಮನೆ ಒಳಗೆ ಬಂದರೆ ನಾನು ಹೊರಗೆ ಹೋಗ್ತೀನಿ ಅಂದಿದ್ದಾಳೆ."

"ಸರಿ, ಸಿಪಿಯುನಲ್ಲಿ ಎಲ್ಲಿ ಇಡ್ತೀಯ?"

"ಡಿವಿಡಿ ಡ್ರೈವ್ ಇದ್ದ ಗೂಡು. ಈಗ ಯಾರಪ್ಪ ಡಿವಿಡಿ ಹಾಕ್ತಾರೆ?"

ನಮ್ಮ ಮೇಷ್ಟ್ರು ಮೂವತ್ತು ವರ್ಷ ಫಿಸಿಕ್ಸ್ ಹೇಳಿ ರಿಟೈರ್ ಆದವರು. ಕೇಳದೆ ಇದ್ದರೂ ಉತ್ತರ ಕೊಡುವ ಅಭ್ಯಾಸ ಮಾತ್ರ ರಿಟೈರ್ ಆಗಿಲ್ಲ. "ಅದಕ್ಕೆ ಐದೂಕಾಲು ಇಂಚಿನ ಗೂಡು ಅಂತ ಹೆಸರು. ಆದರೆ ಅಗಲ ಐದೂಮುಕ್ಕಾಲು ಇಂಚು. ಐದೂಕಾಲು ಅನ್ನುವುದು ಹಳೇ ಫ್ಲಾಪಿಯ ಅಳತೆ. ಎತ್ತರ ನಾಲ್ಕು ಸೆಂಟಿಮೀಟರ್ ಮೇಲೆ ಒಂಚೂರು."

ಅಷ್ಟರಲ್ಲಿ ಇಡ್ಲಿ ಬಂತು. ಸೀನ ಅದನ್ನು ಗೇಣಿನಲ್ಲಿ ಅಳೆದ. "ಅಂಚು ಸವರಿದರೆ ಇದೇ ಹಿಡಿಸುತ್ತೆ. ಆಂಪ್ಲಿಫೈಯರ್ ಹಿಡಿಸಲ್ವಾ?"

"ಕರೆಂಟು?"

"ಎಸ್‌ಎಂಪಿಎಸ್ ಅಲ್ಲೇ ಇದೆಯಲ್ಲ, ಸಿಪಿಯುಗೆ ಕರೆಂಟು ಕೊಡೋ ಡಬ್ಬ. ಹಳದಿ ವೈರಿನಲ್ಲಿ 12 ವೋಲ್ಟ್ ಬರುತ್ತೆ. ಬಿಟ್ಟಿ."

12 ವೋಲ್ಟ್ ಅಂದ ಕೂಡಲೇ ಮಂಜನ ಮುಖ ಅರಳಿತು. "ಹಾಗಾದ್ರೆ 4440 ಹಾಕು!" ಗೊತ್ತಿಲ್ಲದವರಿಗೆ ಹೇಳುತ್ತೇನೆ, 4440 ಅನ್ನುವುದು ಸದ್ದು ದೊಡ್ಡದು ಮಾಡುವ ಒಂದು ಐಸಿ. ರೇಡಿಯೋ ರಿಪೇರಿಯವರ ಪಾಲಿಗೆ ಮನೆದೇವರು. ಎರಡು ಚಾನೆಲ್ ಆದರೆ ತಲಾ 6 ವ್ಯಾಟ್, ಬ್ರಿಜ್ ಮಾಡಿದರೆ 19 ವ್ಯಾಟ್ ಅಂತ ಮಂಜ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ.

"ಆ 19 ಬರುವುದು 13.2 ವೋಲ್ಟಿಗೆ. ಅದೂ ಸದ್ದು ಒಡೆಯುವಾಗ" ಎಂದರು ಮೇಷ್ಟ್ರು. ಬೆರಳನ್ನು ಚಟ್ನಿಯಲ್ಲಿ ಅದ್ದಿ ಮೇಜಿನ ಮೇಲೆ ಒಂದು ಅಲೆ ಬರೆದರು. "ಇದ್ದದ್ದೇ 12 ವೋಲ್ಟ್. ಅಲೆ ಮೇಲಕ್ಕೆ 6, ಕೆಳಕ್ಕೆ 6. ಸ್ಪೀಕರ್ 4 ಓಮ್ ಅಂದುಕೋ. ಎಷ್ಟಾಯಿತು? ನಾಲ್ಕೂವರೆ ವ್ಯಾಟ್. ಎರಡನ್ನು ಎದುರುಬದುರು ಕಟ್ಟಿ ಬ್ರಿಜ್ ಮಾಡಿದರೆ 18. ಇದು ಪುಸ್ತಕದ ಲೆಕ್ಕ. ಕೈಗೆ ಸಿಗುವುದು ಇನ್ನೂ ಕಡಿಮೆ."

"ಬರೀ 18 ಆ?" ಅಂದೆ ನಾನು. "ನನ್ನ ಹಳೇ ಸ್ಪೀಕರಿನ ಡಬ್ಬದ ಮೇಲೆ 2000 ವ್ಯಾಟ್ ಪಿಎಂಪಿಒ ಅಂತ ಇತ್ತು."

ಮಂಜ ನನ್ನನ್ನು ಕನಿಕರದಿಂದ ನೋಡಿದ. "ಸ್ವಾಮಿ, ನಿಮ್ಮ ಮನೆ ಗೀಸರ್ 2000 ವ್ಯಾಟ್. ಆ ಸ್ಪೀಕರಿನಲ್ಲಿ ಒಂದು ಬಿಂದಿಗೆ ನೀರು ಕಾಯಿಸಿ ತೋರಿಸಿ. ಆಮೇಲೆ ಮಾತಾಡೋಣ. ಆರ್‌ಎಂಎಸ್ ಎಷ್ಟು, ಅಂದರೆ ಒಂದೇ ಸಮ ಎಷ್ಟು ವ್ಯಾಟ್ ಕೊಡುತ್ತೆ ಅಂತ ಕೇಳಬೇಕು. ಪಿಎಂಪಿಒ ಅನ್ನೋದು ಗಂಡಿನ ಕಡೆಯವರು ಹೇಳೋ ಸಂಬಳದ ಥರ."

ಕೊನೆಗೆ 4440 ಬೇಡ ಅಂತಾಯಿತು. ಆರು ಚಾನೆಲ್ಲಿಗೆ ಅದು ದೋಸೆ ಹಂಚಿನಂತೆ ಕಾಯುತ್ತದೆ. ಒಳಗಿರುವ ಬಿಸಿಯೇ ಸಾಕಲ್ವಾ? ಕ್ಲಾಸ್ ಡಿ ಅನ್ನುವ ಇನ್ನೊಂದು ಜಾತಿಯ ಆಂಪ್ಲಿಫೈಯರ್ ಬೋರ್ಡುಗಳು ಅಷ್ಟು ಬಿಸಿಯಾಗುವುದಿಲ್ಲ. ಒಂದೊಂದಕ್ಕೆ ಎರಡೆರಡು ಚಾನೆಲ್, ಮೂರು ಬೋರ್ಡ್ ಸಾಕು. "ಒಂದು ಮಾತು" ಅಂದ ಮಂಜ. "ಇವು ಬ್ರಿಜ್ ಬೋರ್ಡು. ಸ್ಪೀಕರಿನ ಮೈನಸ್ ವೈರುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಡಬ್ಬದ ತಗಡಿಗೆ ಕೊಟ್ಟೀಯ, ಜೋಕೆ. ಹೊಗೆ ಬರುತ್ತೆ."

ನಾನು ಸುಮ್ನೆ ಇರಬಾರದು ಅಂತ, "ಸಬ್ ವೂಫರನ್ನೂ ಒಳಗೇ ಇಟ್ಟುಬಿಡೋ" ಎಂದೆ. ಮೇಷ್ಟ್ರು ಹೌಹಾರಿದರು. ಹಾರ್ಡ್ ಡಿಸ್ಕ್ ಅದುರಿದರೆ ಓದುವುದು ಬರೆಯುವುದು ತಡವಾಗುತ್ತದಂತೆ. 2008ರಲ್ಲಿ ಬ್ರೆಂಡನ್ ಗ್ರೆಗ್ ಅನ್ನುವ ಎಂಜಿನಿಯರ್ ಹಾರ್ಡ್ ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕಿರುಚಿದ. ಅವು ತಡವರಿಸಿದ್ದು ಗ್ರಾಫಿನಲ್ಲಿ ಕಾಣಿಸಿತು. ಆ ವಿಡಿಯೋ ಈಗಲೂ ಇದೆ. ನಮ್ಮ ಆಫೀಸಿನ ಕಂಪ್ಯೂಟರ್ ಯಾಕೆ ನಿಧಾನ ಅಂತ ನನಗೆ ಆಗ ಹೊಳೆಯಿತು. ಸಾಹೇಬರ ಕೋಣೆ ಪಕ್ಕದಲ್ಲೇ ಇದೆ.

ಸೀನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬೋರ್ಡ್ ತಂದ. ಎರಡು ರಾತ್ರಿ ಕೂತು ಜೋಡಿಸಿದ. ಕಂಪ್ಯೂಟರ್ ಹಿಂದಿನ ಹಸಿರು ತೂತಿನಿಂದ ಮುಂದಿನ ಎರಡು ಸ್ಪೀಕರ್, ಕಪ್ಪಿನಿಂದ ಹಿಂದಿನ ಎರಡು, ಕಿತ್ತಳೆಯಿಂದ ಮಧ್ಯದ್ದು ಮತ್ತು ಸಬ್ ವೂಫರ್. ಹಿಂದಿನ ಎಡಗಡೆ ಸ್ಪೀಕರ್ ಸರಿಯಾಗಿ ಅಮ್ಮನ ಮಂಚದ ತಲೆದೆಸೆಗೆ ಬಂತು. ರೂಮಿನ ಅಳತೆ ಹತ್ತು ಬೈ ಹತ್ತು. ಇನ್ನೆಲ್ಲಿಗೆ ಬರಬೇಕು?

ಮುಂದಿನ ಭಾನುವಾರ ಅವನ ಮುಖ ಇಳಿದಿತ್ತು.

"ಸದ್ದು ಬರ್ತಿಲ್ವಾ?"

"ಬರ್ತಿದೆ. ಹಾಡು ಹಾಕದೆ ಇದ್ದಾಗಲೂ ಬರ್ತಿದೆ. ಮೌಸ್ ಅಲ್ಲಾಡಿಸಿದರೆ ಹಿಂದಿನ ಸ್ಪೀಕರಿನಲ್ಲಿ ಚಿರ್ ಚಿರ್ ಅನ್ನುತ್ತೆ. ನಿಲ್ಲಿಸಿದರೆ ನಿಲ್ಲುತ್ತೆ. ರಾತ್ರಿ ಹನ್ನೊಂದಕ್ಕೆ ಅಮ್ಮ ಎದ್ದು ಕೂತು, ಮಂಚದ ಹತ್ತಿರ ಇಲಿ ಸೇರಿಕೊಂಡಿದೆ ಅಂದಳು."

"ನೀನೇನಂದೆ?"

"ಇಲಿ ಅಲ್ಲಮ್ಮ, ಮೌಸು ಅಂದೆ. ಎರಡೂ ಒಂದೇ ಅಲ್ವೇನೋ, ನನಗೇನು ಇಂಗ್ಲಿಷ್ ಬರಲ್ವಾ ಅಂತ ಬೈದಳು. ಈಗ ಸಿಪಿಯು ಹಿಂದೆ ಬೋನು ಇಟ್ಟಿದ್ದಾಳೆ. ದಿನಾ ಸಂಜೆ ಅದಕ್ಕೊಂದು ಈರುಳ್ಳಿ ಬಜ್ಜಿ. ನನಗಿಲ್ಲ."

ಮಂಜ ನಕ್ಕು ನಕ್ಕು ಸುಸ್ತಾದ ಮೇಲೆ ಕಾರಣ ಹೇಳಿದ. ಅವನು ಹೇಳಿದ ರೀತಿ ನನಗೆ ಬಹಳ ಹಿಡಿಸಿತು. "ವಠಾರದಲ್ಲಿ ಎಲ್ಲರ ಮನೆಗೂ ಒಂದೇ ಮೋರಿ ಇರುತ್ತಲ್ಲ, ಹಾಗೆ ಇದು. ಫ್ಯಾನು, ಗ್ರಾಫಿಕ್ಸ್ ಕಾರ್ಡು, ಯುಎಸ್‌ಬಿ, ಎಲ್ಲದರ ಕರೆಂಟೂ ವಾಪಸ್ ಹೋಗೋದು ಒಂದೇ ಗ್ರೌಂಡಿನಲ್ಲಿ. ಮೇಲಿನ ಮನೆಯವರು ಒಂದು ಬಕೆಟ್ ಸುರಿದರೆ ನಿನ್ನ ಬಚ್ಚಲಲ್ಲಿ ಗುಳುಗುಳು ಅನ್ನಲ್ವಾ? ನಿನ್ನ ಆಂಪ್ಲಿಫೈಯರ್ ಆ ಗುಳುಗುಳುವನ್ನೇ ಹಾಡು ಅಂದುಕೊಂಡು ದೊಡ್ಡದು ಮಾಡ್ತಿದೆ."

"ಏನು ಮಾಡಬೇಕು?"

"ಬೇರೆ ಮೋರಿ ತೋಡು. ಹೊರಗಿನಿಂದ ಒಂದು 12 ವೋಲ್ಟ್ ಅಡಾಪ್ಟರ್ ಕೊಡು. ಬೋರ್ಡ್ ಕೆಳಗೆ ಪ್ಲಾಸ್ಟಿಕ್ ಇಡು. ಡಬ್ಬದ ತಗಡಿಗೆ ತಾಕಿದರೆ ಮತ್ತೆ ಹಳೇ ಮೋರಿಗೇ ಸೇರಿಕೊಳ್ಳುತ್ತೆ."

"ಅಂದರೆ ಹೊರಗೆ ಇನ್ನೊಂದು ಡಬ್ಬ ಬಂತಲ್ಲೋ!"

ಯಾರೂ ಮಾತಾಡಲಿಲ್ಲ. ಮೇಷ್ಟ್ರು ಎರಡನೇ ಇಡ್ಲಿಗೆ ಬೆಣ್ಣೆ ಸವರಿಕೊಂಡರು.

"ಇನ್ನೊಂದು ವಿಷಯ" ಅಂದ ಸೀನ, ದನಿ ತಗ್ಗಿಸಿ. "ಹಾಡು ಹಾಕಿದರೆ ಹಿಂದಿನ ಎರಡು ಸ್ಪೀಕರ್ ಬಾಯೇ ಬಿಡಲ್ಲ. ಚಿರ್ ಅನ್ನೋದು ಬಿಟ್ಟರೆ."

"ನೀನು ಹಾಕೋದು ಭಾವಗೀತೆ" ಎಂದರು ಮೇಷ್ಟ್ರು. "ಅದು ಸ್ಟೀರಿಯೋ, ಎರಡೇ ಚಾನೆಲ್. ಹಿಂದಿನವಕ್ಕೆ ಹೇಳೋದಕ್ಕೆ ಏನಿದೆ? ಸೆಟ್ಟಿಂಗ್ ಬದಲಿಸಿದರೆ ಮುಂದಿನವು ಹೇಳಿದ್ದನ್ನೇ ಅವೂ ಹೇಳುತ್ತವೆ. ಅದಕ್ಕೆ ಸರೌಂಡ್ ಅನ್ನೋದಿಲ್ಲ, ಸೋಬಾನೆ ಅನ್ನುತ್ತಾರೆ."

ನಿಜ ಹೇಳಬೇಕೆಂದರೆ ಸೀನನ ಬಳಿ 5.1 ಟ್ರ್ಯಾಕ್ ಇರುವ ಸಿನಿಮಾ ಇದ್ದದ್ದೇ ಒಂದು. ಅದನ್ನು ಬುಧವಾರ ಹಾಕಿದ್ದ. ಅದರಲ್ಲಿ ಮಳೆ ಬರುವ ದೃಶ್ಯ ಇದೆ. ಹಿಂದಿನಿಂದ ಧೋ ಅಂತ ಸುರಿಯುತ್ತದೆ. ಅಮ್ಮ ನಿದ್ದೆಗಣ್ಣಿನಲ್ಲಿ ಮಹಡಿ ಹತ್ತಿ, ಒಣಗಿದ ಬಟ್ಟೆಯನ್ನೆಲ್ಲ ಬಾಚಿಕೊಂಡು ಇಳಿದು ಬಂದಳು. ಹೊರಗೆ ಹುಣ್ಣಿಮೆ. ಸೀನ ಇದನ್ನು ದೂರಿನ ಹಾಗೆ ಹೇಳಿದ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ಆಂಪ್ಲಿಫೈಯರಿಗೂ ಸಿಕ್ಕಿರಲಾರದು.

ಕೊನೆಗೆ ಅಡಾಪ್ಟರ್ ತಂದ. ಅಮ್ಮನಿಗೆ ಕಾಣದ ಹಾಗೆ ಮೇಜಿನ ಕೆಳಗೆ ಕಟ್ಟಿದ. ಶನಿವಾರ ರಾತ್ರಿ ಸ್ವಿಚ್ ಹಾಕಿ ಮೌಸ್ ಅಲ್ಲಾಡಿಸಿದ. ಸದ್ದಿಲ್ಲ. ಗರಗರ ತಿರುಗಿಸಿದ. ಸದ್ದೇ ಇಲ್ಲ. ಅಮ್ಮನಿಗೆ ತೋರಿಸಿ ತನ್ನ ಕೆಲಸ ಎಂಥದ್ದು ಅಂತ ಬೆಳಗ್ಗೆ ಹೇಳಬೇಕು ಅಂದುಕೊಂಡು ಮಲಗಿದ.

ಬೆಳಗ್ಗೆ ಅಮ್ಮನೇ ಅವನನ್ನು ಎಬ್ಬಿಸಿದಳು. ಕೈಯಲ್ಲಿ ಬೋನು. ಬೋನಿನಲ್ಲಿ ನಿಜವಾದ ಇಲಿ, ಬಜ್ಜಿ ಪೂರ್ತಿ ಮುಗಿಸಿ ಕೂತಿತ್ತು.

"ಇಲಿ ಅಲ್ಲಮ್ಮ ಅಂದ್ಯಲ್ಲ? ಈಗ ಸದ್ದು ನಿಂತಿತೋ ಇಲ್ವೋ ಹೋಗಿ ನೋಡು."