ಟ್ಯಾಂಕ್ ತುಂಬಿದ ಕೂಡಲೇ ಮೋಟಾರ್ ತಾನೇ ಆಫ್ ಆಗಬೇಕು, ಮಾಡಿ ನೋಡಿದವರು ಹೇಳ್ತೀರಾ?

ಕೇಳಿದವರು, ಬೆಂಗಳೂರು: ಸಂಪಿನಿಂದ ಮಹಡಿ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ನೀರು ಏರಿಸುತ್ತೇವೆ. 1 ಎಚ್‌ಪಿ ಮೋಟಾರ್. ಆನ್ ಮಾಡಿ ಮರೆತುಬಿಡುತ್ತೇವೆ, ಪಕ್ಕದ ಮನೆಯವರು ಕೂಗಿದಾಗಲೇ ನೆನಪು. ಆರ್ಡುಯಿನೋ ಅನ್ನುವ, ಕೋಡ್ ಬರೆದು ನಡೆಸುವ ಪುಟ್ಟ ಬೋರ್ಡಿನಲ್ಲಿ ಎಲ್‌ಇಡಿ ಮಿನುಗಿಸಿದ್ದು ಬಿಟ್ಟರೆ ನನಗೇನೂ ಗೊತ್ತಿಲ್ಲ. ಯಾವ ಸೆನ್ಸಾರ್ ತಗೊಳ್ಳಲಿ?

ತುಮಕೂರಿನಿಂದ: ನಾನು ಇದನ್ನು ಮೂರು ಸಲ ಮಾಡಿದ್ದೇನೆ, ಎರಡು ಸಲ ಕೆಟ್ಟಿದೆ. ಮೊದಲ ಸಲ ನೀರು ಮುಟ್ಟಿದರೆ ಗೊತ್ತಾಗಲಿ ಅಂತ ಎರಡು ತಾಮ್ರದ ತಂತಿ ಇಳಿಬಿಟ್ಟೆ. ಹಗಲು ರಾತ್ರಿ 5 ವೋಲ್ಟ್ ಅದರಲ್ಲೇ. ತಿಂಗಳಾದ ಮೇಲೆ ಎತ್ತಿ ನೋಡಿದರೆ ಪ್ಲಸ್ ಕಡೆಯ ತಂತಿ ಸವೆದು ಸೂಜಿಯಾಗಿತ್ತು, ಮೈನಸ್ ಕಡೆಯದಕ್ಕೆ ಬಿಳಿ ಸುಣ್ಣ ಕಟ್ಟಿತ್ತು. ನಮ್ಮದು ಬೋರ್‌ವೆಲ್ ನೀರು ಬೇರೆ.

ಎರಡನೇ ಸಲ ಎಲ್ಲರೂ ತರುವ ಎಚ್‌ಸಿ-ಎಸ್‌ಆರ್04 ತಂದೆ, ಅದೇ ಎರಡು ಕಣ್ಣಿನದು, ಶಬ್ದ ಕಳಿಸಿ ಅದು ಮರಳಿ ಬರುವ ಹೊತ್ತಿನಿಂದ ದೂರ ಅಳೆಯುವ ಸೆನ್ಸಾರ್. ಮೇಜಿನ ಮೇಲೆ ಚೆನ್ನಾಗಿ ಅಳೆಯಿತು. ಮುಚ್ಚಳದ ಅಡಿಗೆ ಅಂಟಿಸಿದ ಮೇಲೆ ಬೆಳಗಾದರೆ ಆ ಕಣ್ಣುಗಳ ಮೇಲೆ ಹನಿ. ಅರ್ಧ ಟ್ಯಾಂಕಿಗೇ ತುಂಬಿತು ಅನ್ನುತ್ತಿತ್ತು. ಈಗ ಇರುವುದು ಜೆಎಸ್‌ಎನ್-ಎಸ್‌ಆರ್04ಟಿ. ಇದರ ಕಣ್ಣಿಗೆ ನೀರು ತಾಗಿದರೂ ತೊಂದರೆಯಿಲ್ಲ. ಆದರೆ ಹತ್ತಿರದ 20-25 ಸೆಂ.ಮೀ. ಇದಕ್ಕೆ ಕಾಣುವುದಿಲ್ಲ. ಅದಕ್ಕೇ ನೀರು ಸೆನ್ಸಾರ್‌ನಿಂದ 30 ಸೆಂ.ಮೀ. ಕೆಳಗಿರುವಾಗಲೇ ಮೋಟಾರ್ ನಿಲ್ಲುವಂತೆ ಬರೆದಿದ್ದೇನೆ. ಒಂದೇ ರೀಡಿಂಗ್ ನಂಬಬೇಡಿ. ಐದು ಸಲ ಅಳೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು ತಗೊಳ್ಳಿ.

ಮೈಸೂರಿನಿಂದ: ಸೆನ್ಸಾರ್ ಇರಲಿ, ರಿಲೇ ಬಗ್ಗೆ, ಅಂದರೆ ಬೋರ್ಡ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್ ಬಗ್ಗೆ, ಯಾರೂ ಹೇಳಲಿಲ್ಲವಲ್ಲ! ಆ ನೀಲಿ ಡಬ್ಬಿಯ ಮೇಲೆ 10 ಆಂಪಿಯರ್ ಅಂತ ಇರುತ್ತದೆ. 1 ಎಚ್‌ಪಿ ಅಂದರೆ 746 ವ್ಯಾಟ್, ಸಾಕಲ್ವಾ ಅಂದುಕೊಂಡಿದ್ದೆ. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಒಂದು ದಿನ ಒಳಗಿನ ಕಾಂಟ್ಯಾಕ್ಟ್ ಕಚ್ಚಿಕೊಂಡುಬಿಟ್ಟಿತು. ಬೋರ್ಡ್ ಆಫ್ ಅಂದಿದೆ, ದೀಪ ಆರಿದೆ, ಮೋಟಾರ್ ಮಾತ್ರ ಓಡುತ್ತಲೇ ಇದೆ. ರಿಲೇಯಿಂದ ಕಾಂಟ್ಯಾಕ್ಟರ್ (ಮೋಟಾರ್‌ನ ಭಾರಿ ಕರೆಂಟ್ ತಡೆಯುವ ದೊಡ್ಡ ಸ್ವಿಚ್) ಎಳೆಸಿ, ಕಾಂಟ್ಯಾಕ್ಟರ್‌ನಿಂದ ಮೋಟಾರ್. 230 ವೋಲ್ಟ್ ಕಡೆಯ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಶಿರಸಿಯಿಂದ: ಇಷ್ಟೆಲ್ಲ ಯಾಕೆ? ಅಮ್ಮನ ಮನೆಯಲ್ಲಿ ಫ್ಲೋಟ್ ಸ್ವಿಚ್ ಹಾಕಿದ್ದೇವೆ, ನೀರಿನ ಜೊತೆ ಏರಿ ಇಳಿದು ತಾನೇ ಆನ್-ಆಫ್ ಆಗುವುದು. ಕೋಡೂ ಇಲ್ಲ, ಗೀಡೂ ಇಲ್ಲ, ಸುಮ್ನೆ ತೇಲುತ್ತಾ ಇದೆ.

ತುಮಕೂರಿನಿಂದ: ಒಪ್ಪಿದೆ. ನಾನೂ ಬೋರ್ಡ್ ಕೈಕೊಟ್ಟರೆ ಇರಲಿ ಅಂತ ಅದನ್ನೊಂದು ಹಾಕಿದ್ದೇನೆ. ಸಂಪಿಗೂ ಒಂದು ಬೇಕು, ಒಣಗಿದ ಸಂಪಿನಲ್ಲಿ ಓಡಿದರೆ ಪಂಪಿನ ಸೀಲ್ ಹೋಗುತ್ತದೆ. ಮುಂದೆ ಫೋನಿನಲ್ಲಿ ನೋಡಬೇಕೆಂದು ವೈಫೈ ಇರುವ ಇಎಸ್‌ಪಿ32 ಬೋರ್ಡಿಗೆ ಬದಲಾಯಿಸಿದರೆ ಒಂದು ನೆನಪಿಡಿ: ಅದರ ಪಿನ್‌ಗೆ 3.3 ವೋಲ್ಟ್ ಮಾತ್ರ. ಸೆನ್ಸಾರ್‌ಗೆ 5 ವೋಲ್ಟ್ ಕೊಟ್ಟಿದ್ದರೆ ಎಕೋ ತಂತಿಗೆ (ಸೆನ್ಸಾರ್ ಉತ್ತರ ಕಳಿಸುವ ತಂತಿ) 1ಕೆ, 2ಕೆ ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಿ.

ಕೇಳಿದವರು: ಸರಿ, ಮೊದಲು ಎರಡು ಫ್ಲೋಟ್ ಸ್ವಿಚ್, ಕಾಂಟ್ಯಾಕ್ಟರ್. ಸೆನ್ಸಾರ್ ಆಮೇಲೆ. ಭಾನುವಾರ ಇಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋಗಿ ತರುತ್ತೇನೆ.

ಮೈಸೂರಿನಿಂದ: ಶನಿವಾರ ಹೋಗಿ. ಭಾನುವಾರ ಅಲ್ಲಿ ಜಾಸ್ತಿ ಅಂಗಡಿಗಳು ಬಾಗಿಲು ಹಾಕಿರುತ್ತವೆ.