ಅಪ್‌ಡೇಟ್: ಅಣ್ಣನ ಕುಡಿತ ಬಿಡಿಸುವ ಬಗ್ಗೆ ಕೇಳಿದ್ದೆ

ಮಳೆಗಾಲದ ಶುರುವಿನಲ್ಲಿ ಕೇಳಿದ್ದೆ, ನೆನಪಿದೆಯಾ? ತೀರ್ಥಹಳ್ಳಿ ಹತ್ತಿರದ ನಮ್ಮ ಅಣ್ಣ ಬೆಳಿಗ್ಗೆಯಿಂದಲೇ ಕುಡಿಯುತ್ತಾನೆ, ಮನೆಯಲ್ಲೇ ಬಿಡಿಸಬಹುದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಾವು ಮೊದಲು ತಪ್ಪು ಮಾಡಿದೆವು. ಬಾಟಲಿ ಎಲ್ಲಾ ಎಸೆದು ಕೋಣೆಯಲ್ಲಿ ಕೂರಿಸಿದೆವು. ಮಾರನೇ ದಿನ ಕೈ ನಡುಕ, ಬೆವರು, ರಾತ್ರಿ ಫಿಟ್ಸ್. ಜೀಪಿನಲ್ಲಿ ಶಿವಮೊಗ್ಗಕ್ಕೆ ಓಡಿದೆವು. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್, ಆಮೇಲೆ ಭ್ರಮೆ, ಗೊಂದಲ ಬರಬಹುದು, ಜೀವಕ್ಕೂ ಅಪಾಯ ಅಂತ ಡಾಕ್ಟರ್ ಹೇಳಿದರು. ಅಡ್ಮಿಟ್ ಮಾಡಿ ನಡುಕ ಇಳಿಸುವ ಮಾತ್ರೆ ಕೊಟ್ಟರು. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್.

ಊಟದಲ್ಲಿ ಗುಟ್ಟಾಗಿ ಮಾತ್ರೆ ಹಾಕಿ ಅಂತ ನೆಂಟರೊಬ್ಬರು ಹೇಳಿದ್ದರು. ದಯವಿಟ್ಟು ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತಿಂದವರು ಕುಡಿದರೆ ಬಿಪಿ ಕುಸಿಯಬಹುದು. ಅವರಿಗೆ ಗೊತ್ತಿದ್ದು, ಒಪ್ಪಿಯೇ ತಗೊಳ್ಳಬೇಕು. ಅಣ್ಣನಿಗೆ ಈಗ ಕೊಡುತ್ತಿರುವುದು ಬೇರೆ, ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್.

ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರವನ್ನೂ ಕೆಲವರು ಸೂಚಿಸಿದ್ದಿರಿ. ಫಿಟ್ಸ್ ಬಂದವನಾದ್ದರಿಂದ ನಮಗೆ ಆಸ್ಪತ್ರೆಯೇ ಮೊದಲು ಅನ್ನಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವ್ಯಸನಕ್ಕೇ ಪ್ರತ್ಯೇಕ ವಿಭಾಗ ಇದೆ. ರಾತ್ರಿ ದಿಕ್ಕು ತೋಚದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಡುವೆ ಒಂದು ಸಲ, ಮದುವೆ ಮನೆಯಲ್ಲಿ, ಮತ್ತೆ ಕುಡಿದ. ಅತ್ತಿಗೆ ಬೈಯಲಿಲ್ಲ, ಮರುದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅದಾಗಿ 47 ದಿನ. ಈಗ ಅಡಿಕೆ ಕೊಯ್ಲಿಗೆ ತಾನೇ ತೋಟಕ್ಕೆ ಇಳಿಯುತ್ತಿದ್ದಾನೆ.