ಶಾಲೆಯವರು ‘ನಮ್ಮಲ್ಲಿ ಆಗಲ್ಲ’ ಅಂದಾಗ ಯಾರನ್ನು ಕೇಳಬೇಕು?

ಪ್ರಶ್ನೆ (ಮಂಡ್ಯದಿಂದ): ಮಗನಿಗೆ ಏಳು ವರ್ಷ, ಆಟಿಸಂ ಇದೆ. ‘ನಮ್ಮಲ್ಲಿ ಆಗಲ್ಲ, ಸ್ಪೆಷಲ್ ಸ್ಕೂಲಿಗೆ ಹಾಕಿ’ ಅನ್ನುತ್ತಿದ್ದಾರೆ ಶಾಲೆಯವರು. ಕಾನೂನಿನಲ್ಲಿ ನಮಗೇನಿದೆ? ಜೊತೆಗೆ ನಿಲ್ಲುವವರು ಯಾರಾದರೂ ಇದ್ದಾರಾ?

ಒಬ್ಬ ತಾಯಿ, ಮೈಸೂರು:
ಇದೇ ಮಾತನ್ನು ನಾವೂ ಕೇಳಿಸಿಕೊಂಡಿದ್ದೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ನೋಡಿ. ಸರ್ಕಾರದ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು. ಮಾನ್ಯತೆ ಇರುವ ಖಾಸಗಿ ಶಾಲೆಗೂ ಇದು ಅನ್ವಯ. ಸೇರಿಸಿಕೊಂಡು ಮೂಲೆಯಲ್ಲಿ ಕೂರಿಸಿದರೆ ಸಾಲದು, ಮಗುವಿಗೆ ಬೇಕಾದ ಅನುಕೂಲವನ್ನೂ ಮಾಡಿಕೊಡಬೇಕು. ಇನ್ನು 31ನೇ ಸೆಕ್ಷನ್: ವೈಕಲ್ಯ 40 ಪರ್ಸೆಂಟ್ ಅಥವಾ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ಸ್ಪೆಷಲ್ ಶಾಲೆಯೋ, ಆಯ್ಕೆ ನಿಮ್ಮದು. ಶಾಲೆಯವರು ತೀರ್ಮಾನಿಸುವ ವಿಷಯ ಅಲ್ಲವೇ ಅಲ್ಲ.

ಆದರೆ ಬಾಯಿಮಾತಲ್ಲಿ ಕೇಳಿದರೆ ಬಾಯಿಮಾತಲ್ಲೇ ಸಾಗಹಾಕುತ್ತಾರೆ. ಕನ್ನಡದಲ್ಲೇ ಒಂದು ಅರ್ಜಿ ಬರೆಯಿರಿ. ‘ಸ್ವಲ್ಪ ಗಮನ ಕೊಡಿ’ ಅಂತಲ್ಲ. ‘ಮುಂದಿನ ಬೆಂಚಲ್ಲಿ ಕೂರಿಸಿ, ಬೆಲ್ ಸದ್ದಿಗೆ ಗಾಬರಿಯಾದರೆ ಐದು ನಿಮಿಷ ಹೊರಗೆ ಬಿಡಿ’ ಅಂತ ಬಿಡಿಸಿ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಆಗಲ್ಲ ಅಂದರೆ, ಕಾರಣ ಬರೆದುಕೊಡಿ ಅನ್ನಿ. ನಮ್ಮ ವಿಷಯದಲ್ಲಿ ಮಾತಿನ ಧಾಟಿ ಬದಲಾಗಿದ್ದೇ ಇದನ್ನು ಕೇಳಿದ ಮೇಲೆ.

ಒಬ್ಬ ತಂದೆ, ಮಂಡ್ಯ ತಾಲ್ಲೂಕು:
ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಮೇಷ್ಟ್ರು ಇರುತ್ತಾರೆ, ಇಂಥ ಮಕ್ಕಳಿಗಾಗಿಯೇ ಇರುವವರು. ಅವರನ್ನು ಶಾಲೆಗೆ ಕರೆಸಿ. ನಮ್ಮ ಹುಡುಗಿಯ ಟೀಚರ್ ಪಕ್ಕದಲ್ಲಿ ಕೂತು, ಚಿತ್ರದ ಕಾರ್ಡ್ ಇಟ್ಟುಕೊಂಡು ಹೇಗೆ ಹೇಳಿಕೊಡಬೇಕು ಅಂತ ತೋರಿಸಿದರು. ಟೀಚರ್‌ಗೆ ಧೈರ್ಯ ಬಂತು. ಎಷ್ಟೋ ಸಲ ಅವರದ್ದು ಕೆಟ್ಟ ಮನಸ್ಸಲ್ಲ, ಭಯ ಅಲ್ವಾ? ಯುಡಿಐಡಿ ಕಾರ್ಡ್ (ವಿಕಲಚೇತನರ ಸರ್ಕಾರಿ ಗುರುತಿನ ಚೀಟಿ) ಇನ್ನೂ ಆಗಿಲ್ಲದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯುಗೆ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಹೇಳಿ, ಅರ್ಜಿ ಹಾಕಲು ನೆರವಾಗುತ್ತಾರೆ.

ಇನ್ನೊಬ್ಬ ತಾಯಿ, ಮೈಸೂರು:
ಪರೀಕ್ಷೆ ಮಾಡಿಸಿ ವರದಿ ತೆಗೆದುಕೊಳ್ಳಲು ಮಾನಸಗಂಗೋತ್ರಿಯ ಆಯಿಷ್‌ಗೆ (ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ) ಬನ್ನಿ. ಥೆರಪಿಗೆ ಕಾಯುವ ಅಪ್ಪ ಅಮ್ಮಂದಿರ ಜೊತೆ ಮಾತಾಡಿ, ಯಾವ ಶಾಲೆ ಹೇಗೆ ಅಂತ ಅವರಷ್ಟು ಬಲ್ಲವರು ಇಲ್ಲ.

ವಕೀಲರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ, ಹೆಂಗಸರಿಗೆ, ವಿಕಲಚೇತನರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ಅಷ್ಟಕ್ಕೂ ಶಾಲೆ ಬಗ್ಗದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಬರೆಯಿರಿ, ಸೀಲು ಬಿದ್ದ ಅರ್ಜಿಯ ಜೆರಾಕ್ಸ್ ಲಗತ್ತಿಸಿ. ಮೂಲ ಪ್ರತಿ ಮಾತ್ರ ಯಾರ ಕೈಗೂ ಕೊಡಬೇಡಿ.